ಅಡ್ಡಹೆಸರಿಗೆ ಮೊದಲು ಊರು, ಆಮೇಲೆ ಅರ್ಥ

"ಅಜ್ಜೀ, ನನ್ನ ಹೆಸರಿನ ಕೊನೆಯಲ್ಲಿರುವ ಟಕರ್ ಅಂದರೆ ಏನು?" ಎಂದು ಕೇಳಿದಾಗ ಮೊಮ್ಮಗಳಿಗೆ ಒಂಬತ್ತು ವರ್ಷ. ಶಾಲೆಯಲ್ಲಿ ಎಲ್ಲರೂ ತಮ್ಮ ಮನೆತನದ ಬಗ್ಗೆ ಒಂದು ಹಾಳೆ ಬರೆದು ತರಬೇಕಿತ್ತು. ನಮ್ಮ ಕಡೆಯ ಏಳು ತಲೆಮಾರನ್ನು ನಾನು ಬಾಯಿಪಾಠ ಒಪ್ಪಿಸಬಲ್ಲೆ. ಅಳಿಯನ ಕಡೆಯದು ತಿಳಿಯದು. ಅಳಿಯನಿಗೂ ತಿಳಿಯದು. ಬೀಗರಿಗೆ ಫೋನ್ ಮಾಡಿದರೆ, ತಮ್ಮವರು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ವಿಲಿಯಂ ದೊರೆಯ ಜೊತೆ ಫ್ರಾನ್ಸಿನ ನಾರ್ಮಂಡಿಯಿಂದ ಬಂದವರು ಎಂದರು. ಬೀಗಿತ್ತಿಯವರು ಅದೇ ಫೋನಿನಲ್ಲಿ, "ಅಲ್ಲ, ಇವರೆಲ್ಲ ವೇಲ್ಸ್‌ನ ಮಂದಿ" ಎಂದರು. ಇಬ್ಬರೂ ಮನಸಾರೆ ನಂಬಿದ ಮಾತನ್ನೇ ಹೇಳಿದ್ದರು.

ನಾನು ಮೂವತ್ತೊಂದು ವರ್ಷ ನೋಂದಣಿ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವಳು. ಬಾಯಲ್ಲಿರುವ ಹೆಸರು ಪುಸ್ತಕಕ್ಕೆ ಇಳಿಯುವಾಗ ಏನೇನಾಗುತ್ತದೆ ಎಂಬುದನ್ನು ದಿನವೂ ಕಂಡಿದ್ದೇನೆ. ನಿವೃತ್ತಿಯ ನಂತರ ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿರುವ ಮಗಳ ಮನೆಗೆ ಬಂದೆ. ಆ ಒಂದು ಪ್ರಶ್ನೆಯನ್ನು ಹಿಡಿದು ಎರಡು ಚಳಿಗಾಲ ದಫ್ತರಗಳ ನಡುವೆ ಕುಳಿತೆ. ನಿಮ್ಮ ಮನೆಗೂ ಒಂದು ಇಂಗ್ಲಿಷ್ ಅಡ್ಡಹೆಸರು ಬಂದು ಸೇರಿದ್ದರೆ, ಅಥವಾ ಅಂಥ ಹೆಸರೊಂದು ನಿಮ್ಮನ್ನು ಕಾಡುತ್ತಿದ್ದರೆ, ಅದರ ಬೇರನ್ನು ಹುಡುಕುವ ಬಗೆಯನ್ನು ನಾನು ನಡೆದ ದಾರಿಯಿಂದಲೇ ಹೇಳುತ್ತೇನೆ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹೆಸರಿನ ಅರ್ಥದಿಂದ ಆರಂಭಿಸಬೇಡಿ. ಕಣ್ಣಿಗೆ ಕಾಣುವ ಅರ್ಥ ಬಹಳ ಸಲ ಸುಳ್ಳು. ಫಾರ್ಮರ್ ಎಂಬ ಮನೆತನದ ಮೂಲಪುರುಷ ಬಹುಮಟ್ಟಿಗೆ ರೈತನಲ್ಲ, ಕಂದಾಯ ವಸೂಲಿಯನ್ನು ಗುತ್ತಿಗೆ ಹಿಡಿದವನು. ಕವರ್ಡ್ ಎಂದರೆ ಹೇಡಿಯಲ್ಲ, ದನ ಕಾಯುವವನು. ಆನಿಯನ್ಸ್ ಎಂಬ ಹೆಸರಿಗೂ ಈರುಳ್ಳಿಗೂ ಸಂಬಂಧವಿಲ್ಲ, ಅದು ಐನಿಯಾನ್ ಎಂಬ ವೆಲ್ಷ್ ಹೆಸರು ಇಂಗ್ಲಿಷ್ ಬಾಯಿಗೆ ಸಿಕ್ಕಿ ಆದದ್ದು. ಒಂದೇ ಬರಹದ ಹೆಸರು ಎರಡು ಊರಿನಲ್ಲಿ ಎರಡು ಬೇರಿನಿಂದ ಹುಟ್ಟಿರಬಹುದು. ಆದ್ದರಿಂದ ಹೆಸರನ್ನು ಹೊತ್ತ ಜನರನ್ನು ಒಂದೊಂದೇ ತಲೆಮಾರಿನಂತೆ ಹಿಂದಕ್ಕೆ ಹಿಡಿದುಕೊಂಡು ಹೋಗಿ, ಅವರು ನೆಲೆಸಿದ್ದ ಊರನ್ನು ಮೊದಲು ಗುರುತಿಸಬೇಕು. ಆ ಊರಿನ ಮಾತಿನಲ್ಲಿ ಹೆಸರಿನ ಅರ್ಥವೇನು ಎಂಬುದು ಅದರ ಮುಂದಿನ ಕೆಲಸ.

ಇನ್ನೊಂದು ಎಚ್ಚರಿಕೆ. ಬೀಗರ ಮನೆಯ ಅಗ್ಗಿಷ್ಟಿಕೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಟಕರ್ ಮನೆತನದ ಲಾಂಛನವೊಂದು ತೂಗುತ್ತಿತ್ತು. ಜಾತ್ರೆಯ ಮಳಿಗೆಯೊಂದರಲ್ಲಿ ಹೆಸರು ಹೇಳಿದ ಕೂಡಲೇ ಅಚ್ಚು ಹಾಕಿ ಕೊಟ್ಟದ್ದಂತೆ. ಇಂಗ್ಲೆಂಡಿನಲ್ಲಿ ಲಾಂಛನ ಅಡ್ಡಹೆಸರಿಗೆ ಸೇರಿದ್ದಲ್ಲ. ಅದನ್ನು ಒಬ್ಬ ವ್ಯಕ್ತಿಗೆ ಕೊಡಲಾಗುತ್ತದೆ, ಅವನ ಗಂಡು ಸಂತತಿಯ ಸಾಲಿನಲ್ಲಿ ಹಕ್ಕಾಗಿ ಇಳಿಯುತ್ತದೆ. ಈ ಲೆಕ್ಕವನ್ನು ಇಡುವುದು ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್. 1484ರಲ್ಲಿ ಮೂರನೇ ರಿಚರ್ಡ್ ಅದಕ್ಕೆ ಸನದು ಕೊಟ್ಟ. ಆ ಸಾಲಿನಲ್ಲಿ ನಿಮ್ಮವರಿದ್ದಾರೆ ಎಂದು ತೋರಿಸಲಾಗದಿದ್ದರೆ ಆ ಚಿತ್ರ ನಿಮ್ಮದಲ್ಲ. ಇದಕ್ಕಾಗಿ ಒಂದು ಪೌಂಡನ್ನೂ ಖರ್ಚು ಮಾಡಬೇಡಿ.

ಇನ್ನು ಕೆಲಸಕ್ಕೆ ಇಳಿಯೋಣ. ಮನೆಯಲ್ಲಿರುವ ಹಿರಿಯರನ್ನು ಕೂರಿಸಿಕೊಂಡು ಮಾತನಾಡಿಸಿ. ಹುಟ್ಟು, ಮದುವೆ, ಸಾವಿನ ಪ್ರಮಾಣಪತ್ರಗಳು ಯಾವ ಪೆಟ್ಟಿಗೆಯಲ್ಲಿವೆ ಎಂದು ಕೇಳಿ. ಹಿರಿಯರು ಹೇಳುವ ಕಥೆಯನ್ನು ಅಲ್ಲಗಳೆಯದೆ, ಅವರ ಮಾತಿನಲ್ಲೇ, ದಿನಾಂಕ ಹಾಕಿ ಬರೆದುಕೊಳ್ಳಿ. ಬೀಗಿತ್ತಿಯವರ ವೇಲ್ಸ್ ಮಾತಿನಲ್ಲಿ ಅರ್ಧ ಸತ್ಯವಿತ್ತು ಎಂಬುದು ನನಗೆ ಮುಂದೆ ತಿಳಿಯಿತು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಅಲ್ಲಿಂದ ಈಚಿನ ಬಹಳಷ್ಟು ವರ್ಷಗಳ ಹುಟ್ಟು ಸಾವುಗಳ ಸೂಚಿಯನ್ನು ಜನರಲ್ ರಿಜಿಸ್ಟರ್ ಆಫೀಸಿನ ಜಾಲತಾಣದಲ್ಲಿ ಹಣ ಕೊಡದೆ ಹುಡುಕಬಹುದು. ಹಳೆಯ ಅಚ್ಚಿನ ಸೂಚಿಗಳಲ್ಲಿ ಮಗುವಿನ ತಾಯಿಯ ತವರಿನ ಹೆಸರು ಬರುವುದು 1911ರಿಂದ ಮಾತ್ರ. ಆ ಜಾಲತಾಣದ ಸೂಚಿಯಲ್ಲಿ 1837ರಿಂದಲೂ ಇದೆ. ಒಂದೇ ಊರಿನಲ್ಲಿ ಒಂದೇ ವರ್ಷ ಮೂವರು ಜಾನ್ ಟಕರ್‌ಗಳು ಹುಟ್ಟಿದ್ದರೆ ಅವರನ್ನು ಬೇರ್ಪಡಿಸಿ ಕೊಡುವುದು ಆ ತಾಯಂದಿರ ಹೆಸರೇ. ಮದುವೆಯ ದಾಖಲೆಯಲ್ಲಿ ಮಾತ್ರ ಗಂಡು ಹೆಣ್ಣು ಇಬ್ಬರ ತಂದೆಯ ಹೆಸರು, ಕಸುಬು ಇರುತ್ತದೆಯೇ ಹೊರತು ತಾಯಿಗೆ 2021ರ ಮೇ ತಿಂಗಳವರೆಗೆ ಜಾಗವೇ ಇರಲಿಲ್ಲ. ಆ ಖಾಲಿತನ ನನಗೆ ಪ್ರತಿ ಸಲವೂ ನೋವು ತಂದಿದೆ. ಇನ್ನೊಂದು ಮಾತು: 1875ಕ್ಕೆ ಮೊದಲು ಹುಟ್ಟನ್ನು ಬರೆಸದ ತಂದೆತಾಯಿಗೆ ದಂಡವಿರಲಿಲ್ಲ, ಹೀಗಾಗಿ ಕೆಲವು ಮಕ್ಕಳು ಸೂಚಿಯಲ್ಲಿ ಇಲ್ಲವೇ ಇಲ್ಲ. ಸಿಗಲಿಲ್ಲವೆಂದು ಅಲ್ಲಿಗೇ ನಿಲ್ಲಬೇಡಿ.

ಜನಗಣತಿಯೇ ಊರನ್ನು ಹಿಡಿದುಕೊಡುವ ದಾಖಲೆ. ಹತ್ತು ವರ್ಷಕ್ಕೊಮ್ಮೆ ನಡೆಯುವ ಗಣತಿಯ ಹಾಳೆಗಳನ್ನು ನೂರು ವರ್ಷ ಮುಚ್ಚಿಟ್ಟು ಆಮೇಲೆ ತೆರೆಯುತ್ತಾರೆ. 1921ರದ್ದು 2022ರ ಜನವರಿಯಲ್ಲಿ ತೆರೆಯಿತು. 1931ರದ್ದು 1942ರ ಬೆಂಕಿಯಲ್ಲಿ ಸುಟ್ಟುಹೋಯಿತು, 1941ರಲ್ಲಿ ಯುದ್ಧದ ಕಾರಣ ಗಣತಿಯೇ ನಡೆಯಲಿಲ್ಲ. ಆ ನಡುವಿನ ಕಂದಕವನ್ನು ದಾಟಿಸಲು 1939ರ ಯುದ್ಧಕಾಲದ ನೋಂದಣಿ ಪಟ್ಟಿ ಇದೆ. 1921ರಿಂದ ಹಿಂದಕ್ಕೆ ಹೋಗಿ. 1851ರವರೆಗೆ ಪ್ರತಿಯೊಬ್ಬರ ಹೆಸರಿನ ಮುಂದೆ ಮನೆಯ ಯಜಮಾನನಿಗೆ ಏನಾಗಬೇಕು, ವಯಸ್ಸೆಷ್ಟು, ಕಸುಬೇನು, ಹುಟ್ಟಿದ್ದು ಯಾವ ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಊರುಕೇರಿ) ಎಂಬುದು ಸಿಗುತ್ತದೆ. 1841ರದ್ದು ಮಾತ್ರ ಜಿಪುಣ. ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ. ಮೂವತ್ತೊಂಬತ್ತರವನು ಮೂವತ್ತೈದರವನಾಗಿದ್ದಾನೆ. ಹುಟ್ಟಿದ ಊರಿನ ಬದಲು ಅದೇ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ಹುಟ್ಟಿದನೇ, ಹೌದೋ ಅಲ್ಲವೋ ಎಂಬುದಷ್ಟೇ ಇದೆ.

ಬೀಗರ ಮನೆಯವರು ನಾಲ್ಕು ತಲೆಮಾರಿನಿಂದ ದಕ್ಷಿಣ ವೇಲ್ಸ್‌ನ ನ್ಯೂಪೋರ್ಟ್‌ನ ಹಡಗುಕಟ್ಟೆಯಲ್ಲಿ ದುಡಿದವರು. ವೇಲ್ಸ್ ಎಂಬ ಮಾತು ಅಲ್ಲಿಂದ ಬಂದದ್ದು. 1881ರ ಗಣತಿಯ ಹಾಳೆಯನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದೆ. ಬೀದಿ ಅದೇ, ಕಸುಬು ಅದೇ. ಮಕ್ಕಳ ಹೆಸರಿನ ಮುಂದೆಲ್ಲ ನ್ಯೂಪೋರ್ಟ್, ಅದರ ಕೆಳಗೆ 'ಮೇಲಿನಂತೆ' ಎಂಬ ಗೀಟುಗಳು. ಯಜಮಾನನ ಸಾಲಿನಲ್ಲಿ ಮಾತ್ರ ಗುಮಾಸ್ತ ಲೇಖನಿಯನ್ನು ಮತ್ತೆ ಶಾಯಿಯಲ್ಲಿ ಅದ್ದಿದ್ದಾನೆ, ಅಕ್ಷರ ಕಪ್ಪಾಗಿದೆ: ಡೆವನ್, ಕಲಂಪ್ಟನ್. ನಾನು ಕುಳಿತಿದ್ದ ಎಕ್ಸೆಟರ್‌ನಿಂದ ಹದಿಮೂರು ಮೈಲಿ ದೂರದ ಊರು! ಅಡುಗೆಮನೆಯಲ್ಲಿದ್ದ ಮಗಳನ್ನು ಕೂಗಿ ಕರೆದೆ. ಅಳಿಯ ಕೆಲಸಕ್ಕೆಂದು ಬಂದು ನೆಲೆಸಿದ ಕೌಂಟಿಗೆ, ತನಗೇ ತಿಳಿಯದೆ, ಹಿರಿಯರ ಊರಿಗೇ ಮರಳಿದ್ದ.

ಒಂದು ಮನೆಯ ದಾರಿ ಇಡೀ ಹೆಸರಿನ ದಾರಿಯೂ ಹೌದೇ ಎಂದು ಇಲ್ಲಿ ಪರೀಕ್ಷೆ ಮಾಡಿಕೊಳ್ಳಿ. 1881ರ ಗಣತಿಯ ಅಡ್ಡಹೆಸರುಗಳನ್ನು ನಕ್ಷೆಯ ಮೇಲೆ ಬಣ್ಣದಲ್ಲಿ ತೋರಿಸುವ ಜಾಲತಾಣಗಳಿವೆ. ಟಕರ್ ಎಂದು ಹಾಕಿದರೆ ನೈಋತ್ಯ ಇಂಗ್ಲೆಂಡ್ ಗಾಢವಾಗುತ್ತದೆ. ಡೆವನ್, ಸಾಮರ್ಸೆಟ್, ಕಾರ್ನ್‌ವಾಲ್. ಕಲ್ಲಿದ್ದಲು, ಹಡಗುಕಟ್ಟೆಯ ಕೆಲಸ ಅರಸಿ ಬ್ರಿಸ್ಟಲ್ ಕಡಲುಗಾಲುವೆಯ ಆಚೆಗೆ ಹೋದವರಿಂದ ದಕ್ಷಿಣ ವೇಲ್ಸ್‌ನಲ್ಲಿಯೂ ಬಣ್ಣ ಕಾಣುತ್ತದೆ. ಅಪರೂಪದ ಹೆಸರಾಗಿದ್ದರೆ ಬಣ್ಣ ನಾಲ್ಕಾರು ಪ್ಯಾರಿಷ್‌ಗಳಲ್ಲಿ ಚುಕ್ಕೆಯಂತೆ ಕೂಡುತ್ತದೆ. ಅಂಥ ಹೆಸರು ಒಂದೇ ಮನೆಯಿಂದ ಹಬ್ಬಿರುವ ಸಂಭವ ಹೆಚ್ಚು. ಸ್ಮಿತ್‌ನಂತೆ ದೇಶ ತುಂಬ ಹರಡಿದ್ದರೆ ಊರೂರಿನಲ್ಲಿ ಬೇರೆ ಬೇರೆಯಾಗಿ ಹುಟ್ಟಿದ್ದು ಎಂದೇ ಲೆಕ್ಕ, ಏಕೆಂದರೆ ಕಮ್ಮಾರನಿಲ್ಲದ ಊರಿರಲಿಲ್ಲ.

1837ಕ್ಕಿಂತ ಹಿಂದಕ್ಕೆ ಹೋದರೆ ನಿಮ್ಮ ಕೈಹಿಡಿಯುವುದು ಚರ್ಚಿನ ಪ್ಯಾರಿಷ್ ಪುಸ್ತಕಗಳು. 1538ರಲ್ಲಿ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್ವೆಲ್ ಹೊರಡಿಸಿದ ಅಪ್ಪಣೆಯಂತೆ ಪ್ರತಿ ಚರ್ಚೂ ದೀಕ್ಷಾಸ್ನಾನ, ಮದುವೆ, ಹೂಳಿದ್ದು ಇವನ್ನು ಬರೆದಿಡಬೇಕಾಯಿತು. ಮೊದಮೊದಲು ಬಿಡಿ ಕಾಗದದಲ್ಲಿ ಬರೆದದ್ದು ಬಹಳಷ್ಟು ಹಾಳಾಯಿತು. 1598ರಲ್ಲಿ ಚರ್ಮದ ಹಾಳೆಗೆ ನಕಲು ಮಾಡಲು, ವರ್ಷವರ್ಷವೂ ಒಂದು ಪ್ರತಿಯನ್ನು ಬಿಷಪ್ಪರಿಗೆ ಕಳುಹಿಸಲು ಕಟ್ಟಳೆಯಾಯಿತು. ಮೂಲ ಪುಸ್ತಕದಲ್ಲಿ ಇಲಿ ತಿಂದ ಪುಟವಿದ್ದರೆ ಬಿಷಪ್ಪರ ಪ್ರತಿಯನ್ನು ಕೇಳಿ ನೋಡಿ. 1640ರ, 1650ರ ದಶಕಗಳ ಅಂತರ್ಯುದ್ಧದ ಕಾಲದಲ್ಲಿ ಪುಟಗಳು ಖಾಲಿಯಿದ್ದರೆ ಗಾಬರಿಯಾಗಬೇಡಿ, ಅದು ಬಹುತೇಕ ಎಲ್ಲೆಡೆಯ ಕಥೆ. ಡೆವನ್‌ನ ಪುಸ್ತಕಗಳು ಎಕ್ಸೆಟರ್‌ನ ಡೆವನ್ ಹೆರಿಟೇಜ್ ಸೆಂಟರ್‌ನಲ್ಲಿವೆ. ಒಳಗೆ ಪೆನ್ನು ಬಿಡುವುದಿಲ್ಲ, ಸೀಸದ ಕಡ್ಡಿ ಒಯ್ಯಿರಿ.

ಓದುವಾಗ ಎರಡು ಕಡೆ ಎಡವುವ ಸಂಭವವಿದೆ. ಒಂದು, ಹೊಸ ವರ್ಷ. 1751ರವರೆಗೆ ಇಂಗ್ಲೆಂಡಿನಲ್ಲಿ ಲೆಕ್ಕದ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಜನವರಿ 1ಕ್ಕೆ ಅಲ್ಲ. ಅಳಿಯನ ಹಿರಿಯರೊಬ್ಬರ ಮದುವೆ 1719ರ ಮೇ ತಿಂಗಳಲ್ಲಿ ಆಗಿತ್ತು, ಮೊದಲ ಮಗುವಿನ ದೀಕ್ಷಾಸ್ನಾನ 1719ರ ಫೆಬ್ರವರಿ ಎಂದಿತ್ತು. ಮದುವೆಗೆ ಮೊದಲೇ ಮಗುವೇ ಎಂದು ಒಂದು ವಾರ ಆ ತಾಯಿಯ ಬಗ್ಗೆ ನಾನು ತಪ್ಪು ತಿಳಿದುಕೊಂಡಿದ್ದೆ. ಅವರ ಲೆಕ್ಕದಲ್ಲಿ ಮೇ ಮೊದಲು, ಫೆಬ್ರವರಿ ಆಮೇಲೆ. ನಮ್ಮ ಲೆಕ್ಕಕ್ಕೆ ಅದು 1720ರ ಫೆಬ್ರವರಿ, ಸರಿಯಾಗಿ ಒಂಬತ್ತು ತಿಂಗಳು. ಅಂಥ ದಿನಾಂಕವನ್ನು 1719/20 ಎಂದು ಎರಡೂ ವರ್ಷ ಹಾಕಿಯೇ ಬರೆದುಕೊಳ್ಳಿ.

ಇನ್ನೊಂದು, ಕಾಗುಣಿತ. ಪುಸ್ತಕ ಬರೆಯುವವನು ಕಿವಿಗೆ ಬಿದ್ದದ್ದನ್ನು ಬರೆಯುತ್ತಾನೆ. ಹೇಳುವವನಿಗೆ ಓದು ಬಾರದಿದ್ದರೆ ತಿದ್ದುವವರಿಲ್ಲ. ನನ್ನ ಮೇಜಿನ ಮುಂದೆಯೂ ಹೀಗೆ ಎಷ್ಟೋ ಹೆಸರುಗಳು ಬದಲಾಗಿವೆ. ಟಕರ್ ಒಂದೇ ಮನೆಯಲ್ಲಿ ಟೂಕರ್, ಟುಕರ್, ಟೋಕರ್ ಆಗಿ ಕಾಣಿಸಿಕೊಳ್ಳುತ್ತದೆ. ಅಣ್ಣನಿಗೊಂದು, ತಮ್ಮನಿಗೊಂದು. 'ನಮ್ಮದು ಒಂದೇ ಕೆ ಇರುವ ಹೆಸರು, ಅವರು ಬೇರೆ' ಎಂಬ ವಾದ ನೂರು ವರ್ಷದ ಹಿಂದಕ್ಕೆ ನಿಲ್ಲುವುದಿಲ್ಲ. ಹುಡುಕುವ ಮೊದಲು ಹೆಸರನ್ನು ಹತ್ತು ಬಗೆಯಲ್ಲಿ ಗಟ್ಟಿಯಾಗಿ ಹೇಳಿ, ಕಿವಿಗೆ ಒಂದೇ ಆಗಿ ಕೇಳುವ ಎಲ್ಲ ಬರಹವನ್ನೂ ಪಟ್ಟಿ ಮಾಡಿಕೊಳ್ಳಿ. 1754ರಿಂದ ಮದುವೆಯ ಪುಸ್ತಕದಲ್ಲಿ ವಧೂವರರು ಸಹಿ ಹಾಕಬೇಕಿತ್ತು, ಬಾರದವರು ಗುಣಿಸು ಚಿಹ್ನೆ ಹಾಕಿದರು. ಸಹಿ ಇದ್ದರೆ ಅದು ಆ ಮನೆಯವರೇ ತಮ್ಮ ಹೆಸರನ್ನು ಬರೆದ ಬಗೆ. ಅಳಿಯನ ವಂಶದಲ್ಲಿ ನಾನು ಕಂಡ ಮೊದಲ ಸಹಿ 1788ರದ್ದು. ಟಿ ಅಕ್ಷರದ ಅಡ್ಡಗೆರೆ ನಡುಗಿದೆ, ಕೊನೆಯ ಅಕ್ಷರ ಸಾಲು ಬಿಟ್ಟು ಕೆಳಗಿಳಿದಿದೆ. ಮೊಮ್ಮಗಳು ಪರದೆಯ ಮೇಲೆ ಅದರ ಗೆರೆಯನ್ನು ಬೆರಳಿನಿಂದ ತಿದ್ದಿದಳು.

ಉಯಿಲುಗಳು ಸಿಕ್ಕರೆ ಒಂದೇ ಕಾಗದದಲ್ಲಿ ಮೂರು ತಲೆಮಾರು ಸಿಗುತ್ತದೆ. ಆದರೆ ಡೆವನ್‌ಗೆ ಇಲ್ಲಿ ದೊಡ್ಡ ಪೆಟ್ಟು ಬಿದ್ದಿದೆ. 1942ರ ಮೇ ತಿಂಗಳ ಜರ್ಮನ್ ಬಾಂಬ್ ದಾಳಿಯಲ್ಲಿ ಎಕ್ಸೆಟರ್‌ನ ಉಯಿಲು ಕಚೇರಿ ಸುಟ್ಟು, ಕೌಂಟಿಯ ಶತಮಾನಗಳ ಉಯಿಲುಗಳು ಬೂದಿಯಾದವು. ದಫ್ತರದಲ್ಲಿ ಜೀವ ಸವೆಸಿದವಳಿಗೆ ಅದನ್ನು ಓದುವುದೂ ಕಷ್ಟ. ಸ್ವಲ್ಪ ಅನುಕೂಲವಿದ್ದವರ ಉಯಿಲುಗಳು ಕ್ಯಾಂಟರ್ಬರಿಯ ಮೇಲಿನ ನ್ಯಾಯಾಲಯಕ್ಕೆ ಹೋಗುತ್ತಿದ್ದವು. ಅವು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಉಳಿದಿವೆ.

ಪ್ಯಾರಿಷ್ ಪುಸ್ತಕ ಮುಗಿದ ಮೇಲೆ ತಂದೆ ಮಗ ಎಂಬ ಕೊಂಡಿ ಸಾಮಾನ್ಯವಾಗಿ ಕಡಿಯುತ್ತದೆ. ಆಗ ಮನುಷ್ಯನನ್ನು ಬಿಟ್ಟು ಹೆಸರನ್ನು ಹುಡುಕಬೇಕು. ಅದಕ್ಕೆ ಪಟ್ಟಿಗಳಿವೆ, ಮುಖ್ಯವಾಗಿ ತೆರಿಗೆಯ ಪಟ್ಟಿಗಳು: 1662ರಿಂದ 1689ರವರೆಗಿನ ಒಲೆ ತೆರಿಗೆ, 1520ರ ದಶಕದ ಸಬ್ಸಿಡಿ (ಆಗ ಅದು ದೊರೆಗೆ ಕೊಡುವ ತೆರಿಗೆಯ ಹೆಸರು), 1377, 1379, 1381ರ ತಲೆಗಂದಾಯ, 1327 ಮತ್ತು 1332ರ ಸಬ್ಸಿಡಿ. 1641-42ರಲ್ಲಿ ಹದಿನೆಂಟು ದಾಟಿದ ಗಂಡಸರೆಲ್ಲ ಪ್ರಾಟೆಸ್ಟೆಂಟ್ ಧರ್ಮಕ್ಕೆ, ದೊರೆಗೆ, ಪಾರ್ಲಿಮೆಂಟಿಗೆ ನಿಷ್ಠೆಯ ಪ್ರತಿಜ್ಞೆ ಮಾಡಬೇಕಾಗಿತ್ತು. ಆ ಪಟ್ಟಿಗಳು ಡೆವನ್ನಿನ ಮಟ್ಟಿಗೆ ಚೆನ್ನಾಗಿ ಉಳಿದಿವೆ, ಅಚ್ಚಿನಲ್ಲಿಯೂ ಸಿಗುತ್ತವೆ. ನಿಮ್ಮ ಹೆಸರು ಆ ಪ್ಯಾರಿಷ್‌ನಲ್ಲಿ, ಅಕ್ಕಪಕ್ಕದಲ್ಲಿ, ಎಷ್ಟು ಹಿಂದಿನವರೆಗೆ ಕಾಣುತ್ತದೆ ಎಂದು ನೋಡಿ.

ಹೀಗೆ 14ನೇ ಶತಮಾನಕ್ಕೆ ತಲುಪಿದಾಗ ಹೆಸರು ಹೆಸರಾಗುವ ಗಳಿಗೆಯನ್ನೇ ನೋಡುತ್ತೀರಿ. ನಾರ್ಮನ್ ಜಮೀನುದಾರರಿಗೆ ಮೊದಲೇ ವಂಶದ ಹೆಸರಿತ್ತು. ಜನಸಾಮಾನ್ಯರಲ್ಲಿ ಅದು ನೆಲೆಗೊಂಡದ್ದು ನಿಧಾನವಾಗಿ. ಸುಮಾರು 1400ರ ಹೊತ್ತಿಗೆ ಬಹುಮಂದಿಗೆ ಇತ್ತು, ದಕ್ಷಿಣದಲ್ಲಿ ಮೊದಲು, ಉತ್ತರದಲ್ಲಿ ತಡವಾಗಿ. ಅದಕ್ಕೂ ಮುಂಚೆ ಇದ್ದದ್ದು ಊರವರು ಗುರುತಿಗೆ ಕರೆದ ಹೆಸರು ಮಾತ್ರ. ನಮ್ಮ ಮಾತಿನಲ್ಲಿ ಅಡ್ಡಹೆಸರು ಎಂದರೆ ಕೆಲವು ಕಡೆ ಮನೆತನದ ಹೆಸರು, ಕೆಲವು ಕಡೆ ಕರೆಯುವ ಹೆಸರು. ಇಂಗ್ಲೆಂಡಿನಲ್ಲಿ ಎರಡನೆಯದೇ ಮೊದಲನೆಯದಾಯಿತು. ಇಂಥವನ ಮಗ, ಇಂಥ ಜಾಗದವನು, ಇಂಥ ಕಸುಬಿನವನು, ಇಂಥ ಚಹರೆಯವನು ಎಂದು ನಾಲ್ಕು ಬಗೆ. ಆಶ್ ಮರದ ಬಳಿ ಇದ್ದವನು 'ಅಟೆನ್ ಆಶ್' ಆಗಿ, ಆ ನಕಾರ ಮುಂದಕ್ಕೆ ಅಂಟಿಕೊಂಡು ನ್ಯಾಶ್ ಆದ. ಕಬ್ಬಿಣದ ಕಾಲಿನವನು ಫ್ರೆಂಚಿನಿಂದ ಪೆಟಿಫರ್ ಆದ.

ಹೆಸರು ಇನ್ನೂ ಕಸುಬಿನ ಗುರುತೋ, ವಂಶದ ಹೆಸರೋ ಎಂದು ತಿಳಿಯಲು ಒಂದು ಉಪಾಯವಿದೆ. ಹೆಸರಿನ ನಡುವೆ ಫ್ರೆಂಚಿನ 'ಲೆ' (ಇಂಗ್ಲಿಷಿನ 'ದಿ') ಎಂದಿದ್ದರೆ ಕಸುಬಿನ ವಾಸನೆ ಇನ್ನೂ ಆರಿಲ್ಲ. ಟಕರ್ ಕೂಡ ಕಸುಬಿನ ಹೆಸರೇ, ಅದನ್ನು ಮುಂದೆ ಹೇಳುತ್ತೇನೆ. ಟಕರ್ ಎಂಬವನ ಕಸುಬು ಕಲ್ಲುಕೆಲಸ ಎಂದು ಪಟ್ಟಿಯಲ್ಲಿದ್ದರೆ ಹೆಸರು ತಂದೆಯಿಂದ ಬಂದದ್ದು, ವಂಶದ್ದಾಗಿದೆ. ಲ್ಯಾಟಿನ್ ದಾಖಲೆಗಳಲ್ಲಿ ಮಾತ್ರ ತುಂಬ ಜಾಗ್ರತೆ ಬೇಕು. ಗುಮಾಸ್ತ 'ಫುಲ್ಲೋ' ಎಂದು ಬರೆದಿರುತ್ತಾನೆ. ಮನೆಯ ಮುಂದೆ ನಿಂತು ಕರೆದವರು ಅವನನ್ನು ಏನೆಂದು ಕರೆದರು ಎಂಬುದು ಆ ಪದದಿಂದ ತಿಳಿಯುವುದಿಲ್ಲ.

ಆ ಫುಲ್ಲೋ ಎಂಬ ಪದವೇ ಟಕರ್‌ನ ಅರ್ಥಕ್ಕೆ ಬಾಗಿಲು. ಫುಲ್ಲೋ ಎಂದರೆ ಉಣ್ಣೆಬಟ್ಟೆಯನ್ನು ತುಳಿದು ಹದ ಮಾಡುವವನು. ಮಗ್ಗದಿಂದ ಇಳಿದ ಉಣ್ಣೆಬಟ್ಟೆ ಜಾಳಾಗಿ, ಜಿಡ್ಡಾಗಿ ಇರುತ್ತದೆ. ಅದನ್ನು ತೊಟ್ಟಿಗೆ ಹಾಕಿ, ನೀರು, ಹಳತಾದ ಮೂತ್ರ, ನಾವು ಮುಲ್ತಾನಿ ಮಿಟ್ಟಿ ಎನ್ನುವ ಬಗೆಯ ಜೇಡಿ ಸೇರಿಸಿ ಗಂಟೆಗಟ್ಟಲೆ ತುಳಿಯುತ್ತಿದ್ದರು. ಜಿಡ್ಡು ಬಿಟ್ಟು, ಎಳೆಗಳು ಒಂದಕ್ಕೊಂದು ಹೆಣೆದುಕೊಂಡು, ಬಟ್ಟೆ ಕುಗ್ಗಿ ದಪ್ಪವಾಗುತ್ತಿತ್ತು. ಆಮೇಲೆ ಮರದ ಚೌಕಟ್ಟಿನ ಕೊಕ್ಕೆಗಳಿಗೆ ಸಿಕ್ಕಿಸಿ ಎಳೆದು ಒಣಗಿಸುತ್ತಿದ್ದರು. 12ನೇ ಶತಮಾನದ ಕೊನೆಯ ಹೊತ್ತಿಗೆ ಕಾಲಿನ ಬದಲು ನೀರಿನ ಚಕ್ರ ಎತ್ತುವ ಮರದ ಕೊಡತಿಗಳು ಕುಟ್ಟತೊಡಗಿದವು. ಈ ಒಂದು ಕೆಲಸಕ್ಕೆ ಇಂಗ್ಲೆಂಡಿನಲ್ಲಿ ಮೂರು ಹೆಸರು. ಉತ್ತರದಲ್ಲಿ ಮತ್ತು ನಡುನಾಡಿನಲ್ಲಿ ವಾಕರ್, ಆಗ್ನೇಯದಲ್ಲಿ ಫುಲ್ಲರ್, ನೈಋತ್ಯದಲ್ಲಿ ಟಕರ್. ವಾಕರ್ ಎಂದರೆ ದಾರಿ ನಡೆಯುವವನಲ್ಲ, ಬಟ್ಟೆ ತುಳಿಯುವವನು. ಟಕರ್ ಹುಟ್ಟಿದ್ದು ಹಳೆಯ ಇಂಗ್ಲಿಷಿನ ಟೂಕಿಯನ್ ಎಂಬ ಕ್ರಿಯಾಪದದಿಂದ. ಅದರ ಅರ್ಥ ಹಿಂಸಿಸು, ಗೋಳಾಡಿಸು. ಬಟ್ಟೆಯನ್ನು ಅಷ್ಟು ಕುಟ್ಟಿ ಎಳೆಯುವವನಿಗೆ ಆ ಹೆಸರು ಎಷ್ಟು ಸರಿಯಾಗಿ ಕೂರುತ್ತದೆ ನೋಡಿ! 14ನೇ ಶತಮಾನದ ಕೊನೆಗೆ ಜಾನ್ ವಿಕ್ಲಿಫ್‌ನ ಕಡೆಯವರು ಬೈಬಲನ್ನು ಇಂಗ್ಲಿಷಿಗೆ ತಂದಾಗ, ಮಾರ್ಕನ ಸುವಾರ್ತೆಯ ಒಂದು ವಾಕ್ಯದಲ್ಲಿ ಫುಲ್ಲರ್ ಎಂದು ಬರೆದು ಪಕ್ಕದಲ್ಲೇ 'ಅಥವಾ ಬಟ್ಟೆಯ ವಾಕರ್' ಎಂದು ಸೇರಿಸಿದರು. ಒಂದೇ ಪದ ಹಾಕಿದರೆ ದೇಶದ ಎಲ್ಲರಿಗೂ ತಿಳಿಯುವಂತಿರಲಿಲ್ಲ.

ಅರ್ಥಕ್ಕೆ ಈಗ ನಿಘಂಟು ತೆರೆಯಿರಿ, ಮೊದಲಲ್ಲ. 2016ರಲ್ಲಿ ಆಕ್ಸ್‌ಫರ್ಡ್‌ನಿಂದ ಬಂದ ನಾಲ್ಕು ಸಂಪುಟಗಳ ಕುಟುಂಬನಾಮಗಳ ನಿಘಂಟು ಎಲ್ಲಕ್ಕಿಂತ ನೆಚ್ಚಬಹುದಾದದ್ದು. ಅದರಲ್ಲಿ ಅರ್ಥವನ್ನಷ್ಟೇ ಓದಿ ಮುಚ್ಚಬೇಡಿ. ಕೆಳಗೆ ವರ್ಷ, ಕೌಂಟಿ ಸಹಿತ ಕೊಟ್ಟಿರುವ ಹಳೆಯ ರೂಪಗಳನ್ನು ನೀವು ಕಂಡುಕೊಂಡ ಊರಿಗೆ ಹೊಂದಿಸಿ ನೋಡಿ. ಟಕರ್ ಐರ್ಲೆಂಡಿನಲ್ಲಿ ಗೇಲಿಕ್ ಹೆಸರೊಂದರ ಇಂಗ್ಲಿಷ್ ರೂಪವೂ ಹೌದು. ನಮ್ಮ ದಾರಿ ಆ ಹೆಸರಿಗೆ ಹೋಗಿದ್ದರೆ ಮೇಲಿನ ಬಟ್ಟೆಯ ಕಥೆಯೆಲ್ಲ ನಮ್ಮದಾಗುತ್ತಿರಲಿಲ್ಲ. ಡಿಎನ್‌ಎ ಪರೀಕ್ಷೆಯ ಬಗ್ಗೆ ಕೇಳುತ್ತಾರೆ. ತಂದೆಯಿಂದ ಮಗನಿಗೆ ಇಳಿಯುವ ವೈ ವರ್ಣತಂತು ಅಪರೂಪದ ಹೆಸರಿನವರಿಗೆ ತುಂಬ ಹೇಳುತ್ತದೆ, ಕಸುಬಿನಿಂದ ಬಂದ ಸಾಮಾನ್ಯ ಹೆಸರಿನವರಿಗೆ ಕಡಿಮೆ. ನಾವು ಮಾಡಿಸಲಿಲ್ಲ.

ಕಾಗದದಲ್ಲಿ ಊರು ಸಿಕ್ಕ ಮೇಲೆ ಆ ಊರಿಗೆ ಹೋಗಿ ನಿಲ್ಲಿ. ಕಲಂಪ್ಟನ್‌ನ ಸೇಂಟ್ ಆಂಡ್ರೂಸ್ ಚರ್ಚಿಗೆ ಜಾನ್ ಲೇನ್ ಎಂಬ ಬಟ್ಟೆ ವ್ಯಾಪಾರಿ 1526ರಲ್ಲಿ ಕಟ್ಟಿಸಿದ ಒಂದು ಪಕ್ಕದಂಕಣವಿದೆ. ಅದರ ಹೊರಗೋಡೆಯ ಕಲ್ಲಿನಲ್ಲಿ ಹಡಗುಗಳು, ಬಟ್ಟೆಯ ನವಿರನ್ನು ಸವರುವ ದೊಡ್ಡ ಕತ್ತರಿಗಳು. ಎಕ್ಸೆಟರ್‌ನ ಫೋರ್ ಸ್ಟ್ರೀಟ್‌ನಲ್ಲಿ ನೇಕಾರರು, ಟಕರ್‌ಗಳು, ಬಟ್ಟೆ ಸವರುವವರು ಸೇರಿ 1471ರಲ್ಲಿ ಕಟ್ಟಿದ ಟಕರ್ಸ್ ಹಾಲ್ ಇಂದಿಗೂ ನಿಂತಿದೆ. ತೆರೆದಿರುವ ದಿನ ಕೇಳಿಕೊಂಡು ಬೀಗರನ್ನೂ ಬೀಗಿತ್ತಿಯವರನ್ನೂ ಕರೆದುಕೊಂಡು ಹೋದೆವು. ಬಾಗಿಲ ಮೇಲೆ ತನ್ನ ಹೆಸರನ್ನು ಕಂಡ ಮೊಮ್ಮಗಳು ಮೆಟ್ಟಿಲನ್ನು ಓಡಿಕೊಂಡು ಹತ್ತಿದಳು. ಓಕ್ ಮರದ ಚಾವಣಿಯ ಕೆಳಗೆ ಬೀಗರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾರ್ಮನ್ ಸರದಾರನಿಗಿಂತ ಇವನೇ ಹತ್ತಿರದವನು" ಎಂದರು. ಅಲ್ಲಿಂದ ಇಳಿದು ರ‍್ಯಾಕ್ ಸ್ಟ್ರೀಟ್‌ಗೆ ನಡೆದೆವು. ಆ ಹೆಸರಿನಲ್ಲಿರುವ ರ‍್ಯಾಕ್ ಬಟ್ಟೆಯನ್ನು ಎಳೆದು ಒಣಗಿಸುತ್ತಿದ್ದ ಚೌಕಟ್ಟು.

ಕೊನೆಯ ಕೆಲಸ, ಬರೆದಿಡುವುದು. ಒಂದೊಂದು ತಲೆಮಾರಿಗೆ ಒಂದು ಹಾಳೆ: ಯಾವ ದಾಖಲೆ, ಎಲ್ಲಿ ನೋಡಿದ್ದು, ಯಾವ ದಿನ, ಹೆಸರು ಅಲ್ಲಿ ಇದ್ದ ಹಾಗೆಯೇ ಯಾವ ಕಾಗುಣಿತದಲ್ಲಿ. ದಾಖಲೆ ತೋರಿಸಿ ಹೇಳಬಲ್ಲದ್ದನ್ನು ಶಾಯಿಯಲ್ಲಿ ಬರೆದಿದ್ದೇನೆ, ಇರಬಹುದು ಎಂಬುದನ್ನು ಸೀಸದ ಕಡ್ಡಿಯಲ್ಲಿ. ಶಾಯಿಯ ಸಾಲು 1719ರ ಆ ಮದುವೆಗೆ ನಿಂತಿದೆ. ಅದರಾಚೆ ಡೆವನ್ನಿನ ಪಟ್ಟಿಗಳಲ್ಲಿ ಟಕರ್‌ಗಳು ಸಾಲುಸಾಲಾಗಿ ಇದ್ದಾರೆ. ಅವರಲ್ಲಿ ನಮ್ಮವನು ಯಾರೆಂದು ಹೇಳಲು ಕೊಂಡಿ ಸಿಕ್ಕಿಲ್ಲ. ಆ ಹಾಳೆಗಳೆಲ್ಲ ಸೀಸದ ಕಡ್ಡಿಯಲ್ಲಿವೆ. ಮೊಮ್ಮಗಳಿಗೆ ಈಗ ಹನ್ನೊಂದು. ಕಳೆದ ಭಾನುವಾರ ಕಡತವನ್ನು ತನ್ನ ಕೋಣೆಗೆ ಒಯ್ದು, ಮೇಲೆ ತನ್ನ ಪೂರ್ತಿ ಹೆಸರನ್ನು ಶಾಯಿಯಲ್ಲಿ ಬರೆದುಕೊಂಡಿದ್ದಾಳೆ.